ಅಲುಗದ ಅಂಕವಡಿ

1672ರಲ್ಲಿ ಪ್ರಕಟವಾದ ಲ್ಯಾಟಿನ್ ಗ್ರಂಥವೊಂದರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಒಬ್ಬ ಹೆಂಗಸಿನ ವಿಚಾರ ಬರೆದಿದ್ದಾನೆ. ಕೋಣೆಯಲ್ಲಿ ಡೋಲು ಬಡಿಯುತ್ತಿದ್ದರೆ ಮಾತ್ರ ಅವಳಿಗೆ ಮಾತು ಕೇಳಿಸುತ್ತಿತ್ತು. ಡೋಲು ನಿಂತರೆ ಮತ್ತೆ ಕಿವುಡು. ಹಾಗಾಗಿ ಅವಳ ಗಂಡ ಡೋಲು ಬಡಿಯುವವನೊಬ್ಬನನ್ನು ಮನೆಯ ಆಳಾಗಿ ಇಟ್ಟುಕೊಂಡಿದ್ದ. ಆ ಮನೆಯಲ್ಲಿ ಗಂಡಹೆಂಡಿರ ಗುಟ್ಟಿನ ಮಾತು ಹೇಗೆ ನಡೆಯುತ್ತಿತ್ತೋ!

ನಗು ಬರಿಸುವ ಈ ಸಂಗತಿಯೊಳಗೆ ಒಂದು ದೊಡ್ಡ ಸುಳಿವಿತ್ತು. ಡೋಲಿನ ಪೆಟ್ಟಿಗೆ ಕಿವಿಯ ತಮಟೆ ಬಿಗಿಯಾಗುತ್ತದೆ ಎಂದು ವಿಲ್ಲಿಸ್ ಊಹಿಸಿದ. ಇಂದಿನ ವಿವರಣೆ ಬೇರೆ. ಗದ್ದಲವಿದ್ದಾಗ ಎದುರಿನವರು ತಮಗೇ ತಿಳಿಯದೆ ದನಿ ಏರಿಸುತ್ತಾರೆ. ಒಳಗಿವಿಯ ನರ ಸರಿಯಿದ್ದು ಅಲ್ಲಿಗೆ ಸದ್ದು ಸಾಗುವ ದಾರಿ ಮಾತ್ರ ಕಟ್ಟಿಕೊಂಡವರಿಗೆ ಗದ್ದಲ ಅಷ್ಟಾಗಿ ಅಡ್ಡ ಬರುವುದಿಲ್ಲ, ಏರಿದ ದನಿ ಮಾತ್ರ ತಲುಪುತ್ತದೆ. ಅಂದರೆ ಕಿವುಡುಗಳಲ್ಲಿ ಎರಡು ಜಾತಿ: ದಾರಿ ಕೆಟ್ಟದ್ದು, ನರ ಕೆಟ್ಟದ್ದು. ನಾವು ಎರಡನ್ನೂ ಸೇರಿಸಿ ‘ಕಿವಿ ಮಂದ’ ಎಂದುಬಿಡುತ್ತೇವೆ. ವೈದ್ಯರೂ ಬಹುಕಾಲ ಹಾಗೆಯೇ ಇದ್ದರು. ಎಲ್ಲ ಕಿವುಡರಿಗೂ ಎಣ್ಣೆ, ಬೊಬ್ಬೆ ಏಳಿಸುವ ಪಟ್ಟಿ, ಜಿಗಣೆ.

ದಾರಿ ಎಲ್ಲಿ ಕಟ್ಟುತ್ತದೆ ಎಂಬುದು ಮೊದಲು ತಿಳಿದದ್ದು ಹೆಣಗಳಿಂದ. ತಮಟೆಯ ಹಿಂದೆ ಸಾಲಾಗಿ ಮೂರು ಪುಟ್ಟ ಮೂಳೆಗಳಿವೆ. ಕೊನೆಯದು ಕುದುರೆ ಸವಾರ ಕಾಲಿಡುವ ಅಂಕವಡಿಯ ಆಕಾರದ್ದು, ಹೆಸರು ಸ್ಟೇಪಿಸ್. ಮೂರು ಮಿಲಿಮೀಟರಿನಷ್ಟು ಎತ್ತರ, ದೇಹದಲ್ಲಿ ಇದಕ್ಕಿಂತ ಚಿಕ್ಕ ಮೂಳೆ ಇಲ್ಲ. ಒಳಗಿವಿಯ ಕಿಂಡಿಯಲ್ಲಿ ಇದು ಅಲುಗಿದರೆ ಸದ್ದು ಒಳಗೆ ಹೋಗುತ್ತದೆ. ಇಟಲಿಯ ವಾಲ್ಸಾಲ್ವಾ 18ನೇ ಶತಮಾನದ ಆರಂಭದಲ್ಲಿ ಕಿವುಡನೊಬ್ಬನ ಹೆಣವನ್ನು ಕೊಯ್ದು ನೋಡಿದಾಗ ಅದು ಕಿಂಡಿಗೆ ಅಂಟಿ ಕಲ್ಲಾಗಿತ್ತು. 19ನೇ ಶತಮಾನದಲ್ಲಿ ಲಂಡನ್ನಿನ ಜೋಸೆಫ್ ಟಾಯ್ನ್‌ಬೀ ಸಾವಿರಾರು ಕಿವಿಗಳನ್ನು ಬಿಡಿಸಿ ಇದನ್ನೇ ಮತ್ತೆ ಮತ್ತೆ ಕಂಡ. ಕಿವಿಯ ಮೊರೆತಕ್ಕೆ ಮದ್ದು ಹುಡುಕುತ್ತ 1866ರಲ್ಲಿ ತನ್ನ ಮೇಲೆಯೇ ಕ್ಲೋರೋಫಾರ್ಮ್ ಪ್ರಯೋಗ ಮಾಡಿಕೊಂಡು ಸತ್ತವನೂ ಇವನೇ.

ಬದುಕಿರುವ ರೋಗಿಯ ಕಿವಿಯಲ್ಲಿ ಇದನ್ನು ಗುರುತಿಸುವುದು ಹೇಗೆ? 1855ರಲ್ಲಿ ಜರ್ಮನಿಯ ಹೈನ್ರಿಕ್ ರಿನ್ನೆ ತೀರ ಸರಳವಾದ ಪರೀಕ್ಷೆಯೊಂದನ್ನು ಸೂಚಿಸಿದ. ಶ್ರುತಿಕವೆಯನ್ನು ಮಿಡಿದು ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿಯುವುದು, ಆಮೇಲೆ ಕಿವಿಯ ಬಾಯಿಗೆ ತರುವುದು. ಆರೋಗ್ಯದ ಕಿವಿಗೆ ಗಾಳಿಯಲ್ಲೇ ಚೆನ್ನಾಗಿ ಕೇಳುತ್ತದೆ. ಎಲುಬಿನ ಮೂಲಕವೇ ಹೆಚ್ಚು ಕೇಳಿದರೆ ನರ ಕೆಲಸ ಮಾಡುತ್ತಿದೆ, ದಾರಿ ಕೆಟ್ಟಿದೆ ಎಂದರ್ಥ. ಇವತ್ತಿಗೂ ಕಿವಿ ವೈದ್ಯರ ಮೇಜಿನ ಮೇಲೆ ಶ್ರುತಿಕವೆ ಇರುತ್ತದೆ.

ಕಾರಣ ತಿಳಿಯಿತು, ಪರೀಕ್ಷೆ ಸಿಕ್ಕಿತು. 1870ರ ದಶಕದಲ್ಲಿ ಯೊಹಾನ್ನೆಸ್ ಕೆಸೆಲ್ ಅಂಟಿಕೊಂಡ ಅಂಕವಡಿಯನ್ನು ಸಲಕರಣೆಯಿಂದ ಮೀಟಿ ಸಡಿಲಿಸಲು ಹೊರಟ. ಫ್ರಾನ್ಸಿನಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಇನ್ನೂ ಕೆಲವರು ಅದನ್ನೇ ಮಾಡಿದರು. ಕೆಲವರಿಗೆ ಕಿವಿ ಕೇಳಿಸಿತು. ಆದರೆ 1900ರ ಹೊತ್ತಿಗೆ ವಿಯೆನ್ನಾದ ಆಡಂ ಪೊಲಿಟ್ಜರ್ ಮೊದಲಾದ ಹಿರಿಯರು ಇದು ನಿಷ್ಪ್ರಯೋಜಕ, ಅಪಾಯಕಾರಿ ಎಂದರು. ಈ ರೋಗಕ್ಕೆ ಓಟೋಸ್ಕ್ಲೆರೋಸಿಸ್ ಎಂದು ಹೆಸರಿಟ್ಟ ಪೊಲಿಟ್ಜರನ ಮಾತಿಗೆ ಎದುರಾಡುವವರು ಯಾರು? ಬಾಗಿಲು ಮುಚ್ಚಿತು.

ಅವರನ್ನು ಪೂರ್ತಿ ದೂರುವಂತಿಲ್ಲ. ಪೆನಿಸಿಲಿನ್ ಇರಲಿಲ್ಲ, ಕೈಗೆ ಸೂಕ್ಷ್ಮದರ್ಶಕ ಇರಲಿಲ್ಲ, ಒಳಗಿವಿಗೆ ನಂಜು ಹತ್ತಿದರೆ ಅದು ಮೆದುಳಿನವರೆಗೂ ಹಬ್ಬಿ ಜೀವ ಹೋಗುತ್ತಿತ್ತು. ಆದರೂ ‘ಈಗ ಬೇಡ’ ಎನ್ನುವುದಕ್ಕೂ ‘ಇದು ಆಗದ್ದು’ ಎನ್ನುವುದಕ್ಕೂ ಅಂತರವಿದೆ. ಅವರು ಎರಡನೆಯದನ್ನು ಹೇಳಿದರು. ಈ ರೋಗ ಶುರುವಾಗುವುದು ಹೆಚ್ಚಾಗಿ ಹರೆಯದಲ್ಲಿ, ಹೆಂಗಸರಲ್ಲಿ ಇನ್ನೂ ಹೆಚ್ಚು. ಇಪ್ಪತ್ತೈದಕ್ಕೆ ಕಿವಿ ಮಂಕಾದವಳು ತುತ್ತೂರಿ ಹಿಡಿದುಕೊಂಡೇ ಮುದುಕಿಯಾಗುವಷ್ಟು ಕಾಲ ಆ ಬಾಗಿಲು ಮುಚ್ಚಿತ್ತು.

ನಡುವೆ ಸುತ್ತುದಾರಿ ಹುಡುಕಿದವರಿದ್ದರು. ಸ್ವೀಡನ್ನಿನ ಹೋಲ್ಮ್‌ಗ್ರೆನ್, ಫ್ರಾನ್ಸಿನ ಸೂರ್ದೀಲ್, ಆಮೇಲೆ 1938ರಲ್ಲಿ ನ್ಯೂಯಾರ್ಕಿನ ಜೂಲಿಯಸ್ ಲೆಂಪರ್ಟ್. ಇವರು ಅಂಕವಡಿಯ ತಂಟೆಗೇ ಹೋಗದೆ ಒಳಗಿವಿಗೆ ಬೇರೊಂದು ಕಿಂಡಿ ಕೊರೆದರು. ಕಿವಿ ಕೇಳಿಸುತ್ತಿತ್ತು, ಪೂರ್ತಿ ಅಲ್ಲ. ತಲೆಸುತ್ತು ಜೊತೆಗೆ ಬರುತ್ತಿತ್ತು.

1952ರಲ್ಲಿ ನ್ಯೂಯಾರ್ಕಿನಲ್ಲೇ ಸ್ಯಾಮ್ಯುಯೆಲ್ ರೋಸೆನ್ ಇಂಥದೇ ಶಸ್ತ್ರಕ್ರಿಯೆಗೆ ತೊಡಗಿದ್ದ. ಕಿಂಡಿ ಕೊರೆಯುವ ಮುನ್ನ ಅಂಕವಡಿ ನಿಜಕ್ಕೂ ಅಂಟಿದೆಯೇ ಎಂದು ಮುಟ್ಟಿ ನೋಡಿದ. ಅದು ಸಡಿಲವಾಯಿತು. ಪ್ರಜ್ಞೆ ತಪ್ಪಿಸದೆ ಮಲಗಿಸಿದ್ದ ರೋಗಿಗೆ ಆ ಮೇಜಿನ ಮೇಲೆಯೇ ಮಾತು ಕೇಳತೊಡಗಿತು. ಕೆಸೆಲ್ ಬೇಕೆಂದೇ ಮಾಡಿದ್ದು ಮುಕ್ಕಾಲು ಶತಮಾನದ ಬಳಿಕ ರೋಸೆನ್ನನ ಕೈಯಲ್ಲಿ ಆಕಸ್ಮಿಕವಾಗಿ ಆಯಿತು.

ಆದರೆ ಸಡಿಲವಾದದ್ದು ಹಲವರಲ್ಲಿ ಮತ್ತೆ ಅಂಟುತ್ತಿತ್ತು. ಮೆಂಫಿಸ್‌ನ ತರುಣ ವೈದ್ಯ ಜಾನ್ ಶೀ ವಿಯೆನ್ನಾದಲ್ಲಿ, ಅಂದರೆ ಪೊಲಿಟ್ಜರನ ಊರಿನಲ್ಲೇ, ಹಳೆಯವರ ವರದಿಗಳನ್ನು ಓದಿಕೊಂಡು ಬಂದಿದ್ದ. 1956ರ ಮೇ 1ರಂದು ಮಹಿಳೆಯೊಬ್ಬರ ಕಿವಿಯಿಂದ ಅಂಟಿದ ಮೂಳೆಯನ್ನೇ ತೆಗೆದು, ಆ ಕಿಂಡಿಗೆ ರಕ್ತನಾಳದ ತೆಳು ಚೂರು ಹೊದಿಸಿ, ಟೆಫ್ಲಾನಿನಲ್ಲಿ ಕಡೆದ ಅಂಕವಡಿಯನ್ನು ಇಟ್ಟ. ಅವರಿಗೆ ಕಿವಿ ಕೇಳಿಸಿತು.

ನರವೇ ಕೆಟ್ಟಿದ್ದರೆ ಇದರಿಂದ ಏನೂ ಪ್ರಯೋಜನವಿಲ್ಲ. ಅವರಿಗೆ ಶ್ರವಣಯಂತ್ರ, ತೀರ ಹೆಚ್ಚಾಗಿದ್ದರೆ ಕಾಕ್ಲಿಯರ್ ಇಂಪ್ಲಾಂಟ್. ಯಾರದು ಯಾವ ಜಾತಿ ಎಂದು ತೂಗಿ ಹೇಳುವ ಆಡಿಯಾಲಜಿಸ್ಟರನ್ನು ಕಲಿಸಿ ಕಳಿಸಲೆಂದೇ 1960ರ ದಶಕದಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹುಟ್ಟಿತು. ಅಲ್ಲಿ ಮಾಡುವ ಆಡಿಯೋಗ್ರಾಂನಲ್ಲೂ ಗಾಳಿಯ ಗೆರೆ, ಎಲುಬಿನ ಗೆರೆ ಬೇರೆ ಬೇರೆ ಇರುತ್ತವೆ. ರಿನ್ನೆಯ ಕವೆ ಕೇಳಿದ್ದ ಪ್ರಶ್ನೆಯೇ ಅದು. ಆ ಗೆರೆಗಳ ನಡುವೆ ಅಂತರ ಕಂಡು ರೋಗಿಯನ್ನು ಶಸ್ತ್ರಕ್ರಿಯೆಗೆ ಕಳಿಸಿದ ಮೇಲೂ, ತಮಟೆಯನ್ನು ಮೆಲ್ಲನೆ ಎತ್ತಿದ ವೈದ್ಯರು ಏನನ್ನೂ ತೆಗೆಯುವ ಮುಂಚೆ ಆ ಪುಟ್ಟ ಮೂಳೆಯನ್ನು ಸಲಕರಣೆಯ ತುದಿಯಿಂದ ಮುಟ್ಟಿ ನೋಡುತ್ತಾರೆ, ಅಲುಗುತ್ತದೆಯೇ ಎಂದು.