ಬಯಲಿಗೆ ಬಂದ ಬದುಕು

ನಾಟಕವೆಂದರೆ ಒಬ್ಬರು ಮತ್ತೊಬ್ಬರಾಗಿ ತೋರುವ ಕಲೆಯೆಂಬುದು ಲೋಕರೂಢಿಯ ಮಾತು. ನಟನು ರಾಮನಲ್ಲ, ಆದರೂ ರಂಗದ ಮೇಲೆ ನಿಂತಷ್ಟು ಹೊತ್ತು ಅವನನ್ನು ರಾಮನೆಂದೇ ನಂಬುತ್ತೇವೆ. ಹೀಗಿರಲು, ಒಬ್ಬರೇ ರಂಗಕ್ಕೆ ಬಂದು ‘ಇದು ನನ್ನ ಕಥೆ, ಇದರಲ್ಲಿ ಬರುವವಳು ನಾನೇ’ ಎಂದರೆ ನೋಡುವವರ ಪಾಡೇನು? ತಮಿಳು ನಾಡಿನಲ್ಲಿ ಹುಟ್ಟಿ ಬೆಂಗಳೂರನ್ನು ಕರ್ಮಭೂಮಿಯಾಗಿ ಮಾಡಿಕೊಂಡ ಎ. ರೇವತಿಯವರ ಏಕವ್ಯಕ್ತಿ ನಾಟಕ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ. ಅದರ ಮಹತ್ತ್ವವನ್ನು ಅರಿಯಬೇಕಾದರೆ ಕೊಂಚ ಹಿಂದಿನ ಇತಿಹಾಸವನ್ನು ನೋಡುವುದು ಅಗತ್ಯ.

ವೇಷ ಬದಲಿಸುವುದು ಕನ್ನಡ ರಂಗಭೂಮಿಗೆ ಹೊಸತಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯ ಮೊದಲ ದಿನಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಕಟ್ಟುತ್ತಿದ್ದರು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷಕ್ಕೆ ಮನಸೋಲದ ರಸಿಕರಿರಲಿಲ್ಲ. ಇತ್ತ 1958ರಲ್ಲಿ ಸ್ತ್ರೀ ನಾಟಕ ಮಂಡಲಿಯನ್ನು ಕಟ್ಟಿದ ಆರ್. ನಾಗರತ್ನಮ್ಮನವರು ಕಂಸನಾಗಿ ಗರ್ಜಿಸಿ ಮೆಚ್ಚುಗೆ ಪಡೆದರು. ಗಂಡು ಹೆಣ್ಣಾದರೂ, ಹೆಣ್ಣು ಗಂಡಾದರೂ ಜನ ಚಪ್ಪಾಳೆ ತಟ್ಟಿದರು. ಆದರೆ ಅಲ್ಲೊಂದು ಕಟ್ಟಳೆಯಿತ್ತು: ಬಣ್ಣ ಕಳಚಿದ ಮೇಲೆ ಮೊದಲಿನಂತಾಗಬೇಕು. ಬಣ್ಣ ಕಳಚಿದ ಮೇಲೆಯೂ ‘ನಾನು ಹೆಣ್ಣೇ’ ಎನ್ನುವವರಿಗೆ ಆ ಚಪ್ಪಾಳೆ ದೊರೆಯಲಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಚೌಡಿಕೆ ಹಿಡಿದು ಹಾಡುವ ಜೋಗತಿಯರಿಗೆ ಮಾತ್ರ ಒಂದು ನೆಲೆಯಿತ್ತು. ಅಲ್ಲಿಯೂ ಅವರು ಹೇಳಬೇಕಾಗಿದ್ದುದು ದೇವಿಯ ಕಥೆಯನ್ನು, ತಮ್ಮದನ್ನಲ್ಲ. ಆ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, 2021ರಲ್ಲಿ ಪದ್ಮಶ್ರೀ ಪಡೆದುದು ತೀರ ಈಚಿನ ಮಾತು.

ಕಾನೂನಿನ ಕಥೆ ಇನ್ನೂ ಕಠಿಣವಾದುದು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗ ಇಂಥವರ ಹೆಸರುಗಳನ್ನು ಪಟ್ಟಿ ಮಾಡಲು ಆಜ್ಞಾಪಿಸಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಬಹಿರಂಗವಾಗಿ ಕುಣಿದರೆ, ವಾದ್ಯ ನುಡಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ! ಹಾಡೂ ಕುಣಿತವೂ ಜೀವನೋಪಾಯವಾಗಿದ್ದವರಿಗೆ ಆ ಕಲೆಯೇ ಅಪರಾಧವಾಯಿತು. ಆ ಕಾಯಿದೆ ಸ್ವಾತಂತ್ರ್ಯಾನಂತರ ರದ್ದಾದರೂ ಅದರ ನೆರಳು ಅಳಿಯಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36ಎ ಕಲಮು ಮತ್ತೆ ಅಂಥದೇ ಪಟ್ಟಿಯ ಮಾತನ್ನಾಡಿತು. ಅವರನ್ನೇ ಹೆಸರಿಸಿ ಗುರಿಮಾಡಿದ್ದ ಪದವನ್ನು 2016ರ ತಿದ್ದುಪಡಿ ತೆಗೆದುಹಾಕಿತು.

ರೇವತಿಯವರು ಹುಟ್ಟಿದುದು ನಾಮಕ್ಕಲ್ ಕಡೆಯ ಒಂದು ಹಳ್ಳಿಯಲ್ಲಿ, ಗಂಡುಮಗುವೆಂದು ಎಣಿಸಲ್ಪಟ್ಟು. ಮನಸ್ಸು ಮಾತ್ರ ಬಾಲ್ಯದಿಂದಲೂ ತಾನು ಹೆಣ್ಣೆಂದೇ ಹೇಳುತ್ತಿತ್ತು. ಅಣ್ಣಂದಿರ ಹೊಡೆತ ತಿಂದು ಮನೆ ಬಿಟ್ಟರು. ದೆಹಲಿ, ಮುಂಬಯಿಗಳಲ್ಲಿ ಹಿಜ್ರಾ ಸಮುದಾಯದ ಆಶ್ರಯ ಪಡೆದರು. ಕೊನೆಗೆ ಬೆಂಗಳೂರಿಗೆ ಬಂದರು. ಭಿಕ್ಷೆಯನ್ನೂ ದೇಹವನ್ನು ಮಾರುವ ದುಡಿಮೆಯನ್ನೂ ಪೊಲೀಸರ ಲಾಠಿಯನ್ನೂ ಕಂಡರು. ಇಷ್ಟಾದರೂ ಮನೆಯ ನಂಟನ್ನು ಅವರು ಕಡಿದುಕೊಳ್ಳಲಿಲ್ಲ. ತಿರುತಿರುಗಿ ತಾಯಿತಂದೆಯರ ಬಳಿಗೆ ಹೋದರು, ದುಡಿದುದರಲ್ಲಿ ಮನೆಗೂ ಕೊಟ್ಟರು. ಮನೆಯವರು ಹಣವನ್ನು ಒಪ್ಪಿಕೊಂಡಷ್ಟು ಸುಲಭವಾಗಿ ಮಗಳನ್ನು ಒಪ್ಪಿಕೊಳ್ಳಲಿಲ್ಲ. 1999ರಲ್ಲಿ ಅವರು ಬೆಂಗಳೂರಿನ ‘ಸಂಗಮ’ ಎಂಬ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಂದ ಅವರ ಕೈಗೆ ಲೇಖನಿ ಬಂದಿತೆನ್ನಬಹುದು.

ಅವರು ತಮಿಳಿನಲ್ಲಿ ಬರೆದ ಆತ್ಮಕಥೆ ವಿ. ಗೀತಾ ಅವರ ಅನುವಾದದಲ್ಲಿ 2010ರಲ್ಲಿ ಮೊದಲು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ತಮಿಳು ಪುಸ್ತಕಕ್ಕೆ ‘ವೆಳ್ಳೈ ಮೊಳಿ’ ಎಂದು ಹೆಸರು. ತಮಿಳಿನಲ್ಲಿ ‘ವೆಳ್ಳೈ’ ಎಂದರೆ ಬಿಳುಪು. ಕಪಟವಿಲ್ಲದುದು ಎಂದೂ ಅರ್ಥ. ದು. ಸರಸ್ವತಿಯವರು ಕನ್ನಡಕ್ಕೆ ತಂದಾಗ ಇಟ್ಟ ಹೆಸರು ‘ಬದುಕು ಬಯಲು’. ಪದವನ್ನು ಕೊಂಚ ತೂಗಿ ನೋಡಿ: ಗುಟ್ಟು ಬಯಲಾಯಿತೆಂದರೆ ಮರೆ ಹರಿಯಿತೆಂದರ್ಥ; ಬಯಲಾಟವೆಂದರೆ ಎಲ್ಲರೆದುರು ಆಡುವ ಆಟ; ಶಿವಶರಣರ ಬಾಯಲ್ಲಿ ಬಯಲೆಂದರೆ ಎಲ್ಲೆಗಳಿಲ್ಲದ ನಿಲುವು. ಈ ಮೂರೂ ಅರ್ಥಗಳು ಆ ಕಥೆಗೆ ಹೊಂದುತ್ತವೆ.

ಹೆಗ್ಗೋಡಿನ ‘ಜನಮನದಾಟ’ ತಂಡ ಎಂ. ಗಣೇಶರ ನಿರ್ದೇಶನದಲ್ಲಿ ಈ ಕನ್ನಡ ಪುಸ್ತಕವನ್ನು ನಾಟಕವಾಗಿಸಿ ಊರೂರುಗಳಲ್ಲಿ ಆಡಿತು. ಇತರ ನಟರೊಂದಿಗೆ ರೇವತಿಯವರೂ ರಂಗವನ್ನೇರಿದರು. ಮುಂದೆ ಚೆನ್ನೈಯ ಎ. ಮಂಗೈಯವರ ನಿರ್ದೇಶನದಲ್ಲಿ ‘ವೆಳ್ಳೈ ಮೊಳಿ’ ಏಕವ್ಯಕ್ತಿ ಪ್ರಯೋಗವಾಯಿತು. ತನ್ನ ಕಥೆಯನ್ನು ತಾನೊಬ್ಬಳೇ ನಿಂತು ಆಡುವುದರಲ್ಲಿ ಒಂದು ವಿಶೇಷವಿದೆ. ತಾಯಿಯ ಅಳಲೂ ಅಣ್ಣನ ಗದರಿಕೆಯೂ ಒಂದೇ ಕಂಠದಿಂದ ಹೊರಡಬೇಕು. ಪೆಟ್ಟು ತಿಂದವರೇ ಪೆಟ್ಟು ಕೊಟ್ಟವರ ಮಾತನ್ನೂ ಆಡಬೇಕು. ದ್ವೇಷವೊಂದನ್ನೇ ಇಟ್ಟುಕೊಂಡವರಿಗೆ ಇದು ಸಾಧ್ಯವಲ್ಲ. ನೋಡುವವರಿಗೂ ‘ಇದೆಲ್ಲ ಬರಿಯ ನಾಟಕ’ ಎಂದು ಹೇಳಿಕೊಂಡು ಎದ್ದು ಹೋಗುವ ಅನುಕೂಲ ಇಲ್ಲಿಲ್ಲ.

ಶಾಲೆಯಲ್ಲಿ ವ್ಯಾಕರಣ ಹೇಳುವಾಗ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳೆಂದು ಮೂರನ್ನು ಎಣಿಸುತ್ತೇವೆ. ಕನ್ನಡದಲ್ಲಿ ಅವನು, ಅವಳು ಎಂಬುವು ಮನುಷ್ಯರಿಗೆ. ಅದು ಎಂಬುದು ಮರಕ್ಕೆ, ಕಲ್ಲಿಗೆ, ಹಸುವಿಗೆ. ಬೀದಿಯಲ್ಲಿ ಇವರನ್ನು ಕಂಡು ‘ಅದು ಬಂತು’ ಎನ್ನುವಾಗ ವ್ಯಾಕರಣದ ಒಂದು ಪ್ರತ್ಯಯದಿಂದಲೇ ಮನುಷ್ಯರ ಪಂಕ್ತಿಯಿಂದ ಎಬ್ಬಿಸಿ ಕಳುಹಿಸಿದಂತಾಗುತ್ತದೆ. ಇದಕ್ಕೆ ಉತ್ತರವೂ ವ್ಯಾಕರಣದಲ್ಲಿಯೇ ಇದೆ. ‘ನಾನು’ ಎಂಬ ಉತ್ತಮ ಪುರುಷಕ್ಕೆ ಲಿಂಗಭೇದವಿಲ್ಲ. ಅರಸನಿಗೂ ಆಳಿಗೂ, ಗಂಡಿಗೂ ಹೆಣ್ಣಿಗೂ ಅದೊಂದೇ. ರಂಗದ ಮೇಲೆ ರೇವತಿಯವರು ಕೈಗೆತ್ತಿಕೊಂಡುದು ಆ ಒಂದು ಪದವನ್ನು.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಮನ್ನಿಸಿತು. 2018ರ ಸೆಪ್ಟೆಂಬರ್ 6ರಂದು 377ನೆಯ ಕಲಮಿನ ಬಗೆಗೆ ತೀರ್ಪು ನೀಡಿ, ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಕೂಡಿ ಬಾಳುವುದು ಅಪರಾಧವಲ್ಲವೆಂದಿತು. 2021ರಲ್ಲಿ ಕರ್ನಾಟಕ ಸರ್ಕಾರಿ ಉದ್ಯೋಗಗಳಲ್ಲಿ ಶೇಕಡಾ 1ರ ಮೀಸಲಾತಿಯನ್ನು ಕಲ್ಪಿಸಿತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯದ ನೆತ್ತಿಯಲ್ಲಿ ಹೋಮರ್, ಪ್ಲೇಟೋ ಮೊದಲಾದ ಪುರುಷರ ಹೆಸರುಗಳನ್ನು ಕೆತ್ತಲಾಗಿದೆ. 2019ರಲ್ಲಿ ಅವುಗಳ ಮೇಲೆ ಕಟ್ಟಿದ ಬಟ್ಟೆಯ ಫಲಕದಲ್ಲಿ ಟೋನಿ ಮಾರಿಸನ್ನರ ಹೆಸರಿನೊಂದಿಗೆ ರೇವತಿಯವರ ಹೆಸರೂ ಇದ್ದಿತು.

ನಮ್ಮ ಚಿಕ್ಕಜಾಲದ ಮಗ್ಗುಲಲ್ಲಿ ಹಾದುಹೋಗುವ ಬಳ್ಳಾರಿ ರಸ್ತೆ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇಶದೇಶಗಳ ಜನರ ಹಾದಿಯಾಗಿದೆ. ಹೊಟ್ಟೆಪಾಡಿಗೆ ಬೇರೆ ನಾಡಿನಿಂದ ಬಂದವರು ಇಲ್ಲಿ ನೆಲೆಸಿ ನಮ್ಮವರೇ ಆಗಿದ್ದಾರೆ. ಆದರೆ ರೇವತಿಯವರಂಥವರು ಹೊರಟುಬಂದುದು ಬರಗಾಲಕ್ಕೆ ಹೆದರಿ ಅಲ್ಲ. ತಮ್ಮ ಮನೆಯ ಹೊಸ್ತಿಲಿಗೆ ಹೆದರಿ. ನ್ಯಾಯಾಲಯ ಹಕ್ಕನ್ನು ಕೊಡಬಹುದು, ಸರ್ಕಾರ ಉದ್ಯೋಗವನ್ನು ಕೊಡಬಹುದು. ಊಟದ ಹೊತ್ತಿಗೆ ಒಳಗೆ ಕರೆದು ಎಲೆ ಹಾಕುವುದು ಮಾತ್ರ ತಾಯಿತಂದೆಯರಿಂದ, ಅಣ್ಣತಮ್ಮಂದಿರಿಂದ ಆಗಬೇಕಾದ ಕೆಲಸ.