ಹಿಮದ ಲೆಕ್ಕ, ಹೊಳೆಯ ಲೆಕ್ಕ



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ನಮ್ಮ ತುಂಗಭದ್ರೆಗಾಗಲಿ ವರದೆಗಾಗಲಿ ಹಿಮದ ನೀರು ಒಂದು ಹನಿಯೂ ಬರುವುದಿಲ್ಲ. ಮಲೆನಾಡಿನಲ್ಲಿ ಮಳೆ ಹೊಡೆದರೆ ನಮ್ಮ ಹೊಳಿ ತುಂಬುತ್ತದೆ, ಇಲ್ಲವಾದರೆ ಇಲ್ಲ. ಆದರೂ ಮುಂಗಾರು ಹೇಗಾದೀತೆಂದು ತಿಳಿಯಲು ಒಂದು ಕಾಲಕ್ಕೆ ಹಿಮಾಲಯದ ಹಿಮವನ್ನು ಅಳೆಯುತ್ತಿದ್ದರು ಎಂದರೆ ನೀವು ನಕ್ಕೀರಿ. ನಗುವ ಮಾತಲ್ಲ, ಕೇಳಿರಿ.

1876ರಲ್ಲಿ ಧಾತು ಸಂವತ್ಸರದ ಬರ ಬಂತು. ನಮ್ಮ ತಾಲೂಕುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. 1878ರ ತನಕ ದಕ್ಷಿಣ ದೇಶದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಮಳೆ ಕೈಕೊಡುವುದು ಮೊದಲೇ ಗೊತ್ತಾಗಬೇಕೆಂಬ ಒತ್ತಾಯ ಹವಾಮಾನ ಇಲಾಖೆಯ ಮೇಲೆ ಬಿತ್ತು. ಆ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್ ಎಂಬವನು. ಚಳಿಗಾಲ, ವಸಂತದಲ್ಲಿ ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆಂದು ಆತ 1884ರಲ್ಲಿ ಬರೆದ. ಕಾರಣ ಸರಳ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಉಳಿದ ಬಿಸಿಲು ಅದನ್ನು ಕರಗಿಸುವುದಕ್ಕೇ ಖರ್ಚಾಗುತ್ತದೆ. ನೆಲ ತಡವಾಗಿ ಕಾಯುತ್ತದೆ. ನೆಲ ಕಾಯದಿದ್ದರೆ ಕಡಲ ಕಡೆಯ ಗಾಳಿಗೆ ಎಳೆತ ಕಡಿಮೆ. 1886ರಿಂದ ಮುಂಗಾರಿನ ಮುನ್ಸೂಚನೆ ಪ್ರತಿವರ್ಷ ಹೊರಬೀಳತೊಡಗಿತು.

ಆದರೆ 1899ರಲ್ಲಿ ಒಳ್ಳೆ ಮಳೆ ಎಂದು ಹೇಳಿದ್ದರು. ಬಂದದ್ದು ಘೋರ ಬರ. 1904ರಲ್ಲಿ ಇಲಾಖೆಗೆ ಬಂದ ಗಿಲ್ಬರ್ಟ್ ವಾಕರ್ ಹಿಮವೊಂದನ್ನೇ ನಂಬಲಿಲ್ಲ. ಮಾರಿಷಸ್‌ನ, ದಕ್ಷಿಣ ಅಮೆರಿಕದ ಗಾಳಿಯ ಒತ್ತಡವನ್ನೂ, ಜಂಜಿಬಾರಿನ ಮಳೆಯನ್ನೂ ಲೆಕ್ಕಕ್ಕೆ ತಂದ. ಜಂಜಿಬಾರಿಗೂ ಬ್ಯಾಡಗಿಗೂ ಏನು ನಂಟು ಅಂತೀರಿ! ಮಳೆಯ ನಂಟು ಅಷ್ಟು ದೂರದ್ದು.

ಮುನ್ಸೂಚನೆ ತಪ್ಪಬಹುದು, ಬಂದ ನೀರನ್ನು ಅಳೆದು ಬರೆದಿಟ್ಟರೆ ಅದು ದಾಖಲೆ. ನಮ್ಮ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ, ತುಂಗಭದ್ರೆ ಮುಂದೆ ಹೋಗಿ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆಯ ನೀರಿಗೆ ಮೂರು ರಾಜ್ಯಗಳ ಜಗಳ ಬಂದಾಗ 1969ರಲ್ಲಿ ಬಚಾವತ್ ನ್ಯಾಯಮಂಡಳಿ ಕೂಡಿತು. ಅದು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಹೊಳೆಯಲ್ಲಿ ನೀರು ಎಷ್ಟು? ಉತ್ತರ ಸಿಕ್ಕದ್ದು ಹಳೇ ದಫ್ತರದಲ್ಲಿ. ವಿಜಯವಾಡದಲ್ಲಿ 1894-95ರಿಂದ 1971-72ರ ತನಕ 78 ವರ್ಷಗಳ ಹರಿವಿನ ಲೆಕ್ಕವಿತ್ತು. ಅದನ್ನು ನೋಡಿ, ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಖಾತ್ರಿಯಾಗಿ ಬರುವ ನೀರು 2,060 ಟಿ.ಎಂ.ಸಿ. ಎಂದು ಹಿಡಿದರು. ಸರಾಸರಿ ಹಿಡಿಯಲಿಲ್ಲ. ಸರಾಸರಿ ಮಳೆ ನಂಬಿ ಮೆಣಸಿನ ಸಸಿ ಹಚ್ಚಿದವನ ಪಾಡು ನಿಮಗೆ ಗೊತ್ತೇ ಇದೆ. 1973ರ ತೀರ್ಪಿನಲ್ಲಿ ಕರ್ನಾಟಕಕ್ಕೆ 700 ಟಿ.ಎಂ.ಸಿ. ಬಂತು. ಬ್ರಿಟಿಷರ ಕಾಲದ ಗುಮಾಸ್ತರು ದಿನಾ ಅಳತೆಪಟ್ಟಿ ನೋಡಿ ಬರೆದಿಟ್ಟ ಅಂಕಿಗಳು, ಅವರು ಕಾಣದ ರೈತರ ಪಾಲನ್ನು ಗೊತ್ತುಮಾಡಿದವು.

ಕೇಂದ್ರ ಜಲ ಆಯೋಗದವರು ನಮ್ಮ ಜಿಲ್ಲೆಯಲ್ಲೇ ಮರೋಳದಲ್ಲಿ ವರದೆಯನ್ನೂ ಹರಳಹಳ್ಳಿಯಲ್ಲಿ ತುಂಗಭದ್ರೆಯನ್ನೂ ಅಳೆಯುತ್ತ ಬಂದಿದ್ದಾರೆ. ನೀರಿನ ಎತ್ತರ ನೋಡುತ್ತಾರೆ, ಹರಿವಿನ ವೇಗ ನೋಡುತ್ತಾರೆ, ಹೊಳೆಯ ಅಗಲ-ಆಳಕ್ಕೆ ಗುಣಿಸುತ್ತಾರೆ. ಸೆಕೆಂಡಿಗೆ 11,574 ಘನ ಅಡಿಯಂತೆ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ. ಆಣೆಕಟ್ಟನ್ನೂ ಆಗಾಗ ಅಳೆಯಬೇಕು. 1953ರಲ್ಲಿ ನೀರು ನಿಲ್ಲಿಸಿದ ಹೊಸಪೇಟೆಯ ತುಂಗಭದ್ರಾ ಜಲಾಶಯ ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿತ್ತು, ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ ಎಂದು ಇತ್ತೀಚಿನ ಅಳತೆ ಹೇಳಿತು. ಆ ಹೂಳಿನಲ್ಲಿ ನಮ್ಮ ಹೊಲದ ಎರೆಮಣ್ಣೂ ಉಂಟು.

1988ರಲ್ಲಿ ನಮ್ಮ ಸರಕಾರ ಬರ ನಿಗಾ ಕೋಶ ತೆರೆಯಿತು. ಈಗ ಪಂಚಾಯತಿಗೊಂದರಂತೆ ಮಳೆಮಾಪಕ ಇಟ್ಟಿದ್ದಾರೆ. ಆದರೆ ಮಿರಗದ ಮಳಿ ಊರ ಆಚೆ ಹೊಡೆದು ಈಚೆ ಬಿಡುವುದುಂಟು. ನಿಮ್ಮ ಹೊಲದ ಲೆಕ್ಕ ನೀವೇ ಇಡಿರಿ. ತಳ-ಬಾಯಿ ಒಂದೇ ಅಗಲವಿರುವ ನೆಟ್ಟನೆಯ ಡಬ್ಬಿಯನ್ನು ಗಿಡ, ಗೋಡೆಯಿಂದ ದೂರ ಬಯಲಿನಲ್ಲಿ ಅಲ್ಲಾಡದಂತೆ ನಿಲ್ಲಿಸಿರಿ. ದಿನಾ ಬೆಳಿಗ್ಗೆ 8-30ಕ್ಕೆ ಅಳೆದು, ಬರೆದು, ಚೆಲ್ಲಿರಿ. ಒಂದು ಅಂಗುಲ ನೀರು ಕಂಡರೆ ನಿಮ್ಮ ಎಕರೆಗೆ ಒಂದು ಲಕ್ಷ ಲೀಟರಿಗೂ ಮಿಕ್ಕಿ ಬಿದ್ದಿದೆ ಎಂದು ತಿಳಿಯಿರಿ. ಅದರಲ್ಲಿ ಎಷ್ಟು ಬದುವಿನೊಳಗೆ ನಿಂತಿತು ಎಂಬುದನ್ನು ಹೊಲಕ್ಕೆ ಹೋಗಿಯೇ ನೋಡಬೇಕು.