ದಿನಚರಿ ವಹಿ ಯಾರ ಸೊತ್ತು?



ನಮ್ಮ ಜತ್ತ ತಾಲೂಕು ಬರದ ನಾಡೆಂದು ಬೇರೆ ಹೇಳಬೇಕಾಗಿಲ್ಲ. ದೀಪಾವಳಿಯ ಹೊತ್ತಿಗೆ ಎಷ್ಟೋ ಮನೆಯವರು ಕಬ್ಬು ಕಡಿಯಲು ಹೋಗುತ್ತಾರೆ. ಕೆಲವು ಮಕ್ಕಳು ಅವರ ಜೊತೆ ಹೋಗುತ್ತವೆ, ಕೆಲವು ಅಜ್ಜ-ಅಜ್ಜಿಯ ಹತ್ತಿರ ಉಳಿಯುತ್ತವೆ. ಹೀಗೆ ಉಳಿದ ಮಕ್ಕಳಿಗೆ ನಾವು ಕೆಲವು ವರ್ಷಗಳ ಹಿಂದೆ ನೂರು ಪುಟದ ವಹಿ ಕೊಟ್ಟು, ದಿನಕ್ಕೆ ನಾಲ್ಕು ಸಾಲು ದಿನಚರಿ ಬರೆಯಿರಿ ಎಂದೆವು. ಮರಾಠಿಯಲ್ಲಿ ಇದಕ್ಕೆ ರೋಜನಿಶಿ ಎನ್ನುತ್ತಾರೆ. ಶುದ್ಧಲೇಖನ ಸುಧಾರಿಸಲಿ ಎಂಬುದಷ್ಟೇ ನಮ್ಮ ಉದ್ದೇಶ.

ಆರನೆಯ ಇಯತ್ತೆಯ ಒಬ್ಬ ಹುಡುಗಿ ತನ್ನ ಅವ್ವನ ಬಗ್ಗೆ ಎಂಟು ಸಾಲು ಬರೆದಳು. ಓದಿ ನಮ್ಮ ಕಣ್ಣು ತುಂಬಿತು. ಹೆಮ್ಮೆಯಿಂದ ಅದನ್ನು ಇಡೀ ವರ್ಗಕ್ಕೆ ಓದಿ ಹೇಳಿದೆವು! ಮರುದಿನದಿಂದ ಅವಳ ವಹಿಯಲ್ಲಿ ಬರೀ "ಎದ್ದೆ, ಊಟ ಮಾಡಿದೆ, ಶಾಲೆಗೆ ಬಂದೆ" ಅಷ್ಟೇ. ಅವಳು ಏನು ಬರೆದಿದ್ದಳೆಂದು ಇಲ್ಲಿ ಹೇಳುವುದಿಲ್ಲ. ಒಮ್ಮೆ ಮಾಡಿದ ತಪ್ಪು ಸಾಕು.

ಆ ಮೇಲೆ ನಾವು, ನೋವನ್ನು ವಹಿಗೆ ಹೇಳಿಕೊಂಡ ಹಿರಿಯರ ಇತಿಹಾಸ ಓದತೊಡಗಿದೆವು.

ಮೊದಲು ನೆನಪಾಗುವವರು ದೇಹೂ ಗ್ರಾಮದ ಸಂತ ತುಕಾರಾಮರು. ಅವರದು ವ್ಯಾಪಾರಿ ಮನೆತನ. 1630ರ ಸುಮಾರಿಗೆ ದಖ್ಖನದಲ್ಲಿ ಭೀಕರ ಬರ ಬಿತ್ತು. ವ್ಯಾಪಾರ ಮುಳುಗಿತು, ಮಾನ ಹೋಯಿತು, ಮೊದಲ ಹೆಂಡತಿ ಅನ್ನವಿಲ್ಲದೆ ತೀರಿಕೊಂಡಳು. ಇದನ್ನು ಬೇರೆ ಯಾರೋ ಬರೆದಿಟ್ಟದ್ದಲ್ಲ, ತಮ್ಮ ಒಂದು ಅಭಂಗದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಲೆಕ್ಕದ ಕಿರ್ದಿ ಬರೆಯಬೇಕಾದ ಮನೆಯಲ್ಲಿ ಅಭಂಗದ ವಹಿಗಳು ಬೆಳೆದವು. ಅಭಂಗವೆಂದರೆ ದಿನಚರಿ ಅಲ್ಲ, ನಿಜ. ಆದರೆ ತನ್ನ ದುಃಖ, ತನ್ನ ತಪ್ಪು, ತನ್ನ ಸಂಶಯ ಎಲ್ಲವನ್ನೂ ಮುಚ್ಚದೆ ಬರೆಯುವ ರೀತಿ ಎರಡಕ್ಕೂ ಒಂದೇ. ನಮ್ಮ ಶರಣರ ವಚನಗಳಲ್ಲಿಯೂ ಇದನ್ನು ಕಾಣುತ್ತೇವೆ.

ಮುಂದೆ ಏನಾಯಿತು? ಶೂದ್ರನಾದವನು ಇಂಥದ್ದನ್ನು ಬರೆಯಬಾರದೆಂದು ಆಕ್ಷೇಪ ಬಂತು. ವಹಿಗಳನ್ನು ಇಂದ್ರಾಯಣಿ ನದಿಯಲ್ಲಿ ಮುಳುಗಿಸಬೇಕಾಯಿತು. ತುಕಾರಾಮರು ದಂಡೆಯ ಮೇಲೆ ಹದಿಮೂರು ದಿನ ಅನ್ನ-ನೀರು ಬಿಟ್ಟು ಕುಳಿತರು, ವಹಿಗಳು ತೇಲಿ ಬಂದವು ಎಂದು ವಾರಕರಿಗಳು ನಂಬುತ್ತಾರೆ. ತೇಲಿದ್ದನ್ನು ಎಲ್ಲರೂ ಹೇಳುತ್ತಾರೆ. ಆ ಹದಿಮೂರು ದಿನ ವಹಿಯಿಲ್ಲದೆ ಕುಳಿತವರ ಸಂಕಟವನ್ನು ನಾವು ಮಾಸ್ತರರು ಮಕ್ಕಳಿಗೆ ಹೇಳುವುದು ಕಡಿಮೆ.

ಸಾನೆ ಗುರೂಜಿ ನಮ್ಮಂತೆ ಶಿಕ್ಷಕರಾಗಿದ್ದವರು, ಅಮಳನೇರದಲ್ಲಿ. ಅವರ ತಾಯಿ ತೀರಿಕೊಂಡದ್ದು 1917ರಲ್ಲಿ. 'ಶ್ಯಾಮಚೀ ಆಈ' ಬರೆದದ್ದು 1933ರಲ್ಲಿ, ನಾಸಿಕದ ಜೈಲಿನಲ್ಲಿ. ನಡುವೆ ಸುಮಾರು ಹದಿನಾರು ವರ್ಷ! ಆರನೆಯ ಇಯತ್ತೆಯ ಕೂಸಿಗೆ ನಾವು ಹದಿನಾರು ತಾಸು ಕೂಡ ಕೊಟ್ಟಿರಲಿಲ್ಲ.

ಕನ್ನಡದಲ್ಲಿ ಕುವೆಂಪು ಅವರ ಉದಾಹರಣೆ ಇದೆ. ಮೈಸೂರಿನಲ್ಲಿ ಓದುತ್ತಿದ್ದಾಗ ಅವರು ದಿನಚರಿ ಇಡುತ್ತಿದ್ದರು, ಅದರಲ್ಲಿ ಇಂಗ್ಲಿಷ್ ಬರಹವೂ ಸಾಕಷ್ಟು. ಆಗ ಕವಿತೆಯನ್ನೂ ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡಾಗ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಸಲಹೆ ಸಿಕ್ಕಿತು. ಆ ಹಳೆಯ ದಿನಚರಿಗಳನ್ನು ಮುಂದೆ 1980ರಲ್ಲಿ ಹೊರಬಂದ 'ನೆನಪಿನ ದೋಣಿಯಲ್ಲಿ' ಎಂಬ ಆತ್ಮಕಥೆಗೆ ಅವರೇ ಬಳಸಿಕೊಂಡರು. ಎಷ್ಟು ತೋರಿಸಬೇಕೋ ಅಷ್ಟನ್ನು ತಾವೇ ಆರಿಸಿ ತೋರಿಸಿದರು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ ಕೇಳುವ ನಮ್ಮ ಮಕ್ಕಳು ಅಳುವುದು ಯಾವ ಭಾಷೆಯಲ್ಲಿ? ಅದೇ ಭಾಷೆಯಲ್ಲಿ ಬರೆಯಲಿ, ಒತ್ತಕ್ಷರ ತಪ್ಪಿದರೆ ತಪ್ಪಲಿ.

ಅಮೆರಿಕೆಯಲ್ಲಿ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಮನಸ್ಸಿನ ದೊಡ್ಡ ನೋವನ್ನು ಬರೆದರು. ಬರೆದ ಕೂಡಲೇ ಅವರಿಗೆ ದುಃಖ ಹೆಚ್ಚೇ ಆಯಿತಂತೆ. ಆದರೆ ಘಟನೆಯ ಜೊತೆಗೆ ಅದರಿಂದಾದ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ದವಾಖಾನೆಗೆ ಹೋದದ್ದು ಉಳಿದವರಿಗಿಂತ ಕಡಿಮೆ. ಅವರ ಬರಹವನ್ನೂ ಗುಪ್ತವಾಗಿಯೇ ಇಡಲಾಗಿತ್ತು. ಯಾರೂ ವರ್ಗದಲ್ಲಿ ಎದ್ದು ನಿಂತು ಓದಲಿಲ್ಲ.

ಈಗ ನಮ್ಮ ವರ್ಗದಲ್ಲಿ ಒಂದು ನಿಯಮ ಇದೆ. ಹಾಳೆ ಮಡಚಿದ್ದರೆ ನಾವು ತೆರೆಯುವುದಿಲ್ಲ. ಯಾರಾದರೂ ಹೊಡೆಯುತ್ತಿದ್ದರೆ, ಹೆದರಿಸುತ್ತಿದ್ದರೆ ಮಾತ್ರ ಮಡಚಬೇಡಿ, ನಮಗೆ ಬಂದು ಹೇಳಿ ಎಂದಿದ್ದೇವೆ. ಮೊದಮೊದಲು ಎಲ್ಲರೂ ಎಲ್ಲ ಹಾಳೆ ಮಡಚಿದರು, ನಮಗೆ ತಿದ್ದಲು ಏನೂ ಉಳಿಯಲಿಲ್ಲ! ನಂತರ ತಾವಾಗಿಯೇ ಒಂದೊಂದು ತೆರೆದು ತಂದರು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಡೆದು ಹೋಗುವವರಿಗೆ ನೀರು ಕೊಟ್ಟದ್ದನ್ನು ಒಬ್ಬ ಹುಡುಗ ಬರೆದು, ಭಿತ್ತಿಪತ್ರಿಕೆಗೆ ಹಾಕಿರಿ ಗುರೂಜಿ ಎಂದು ಕೇಳಿ ಹಾಕಿಸಿಕೊಂಡ.

ಆ ಹುಡುಗಿ ಏಳನೆಯ ಇಯತ್ತೆ ಮುಗಿಸಿ ಬೇರೆ ಶಾಲೆಗೆ ಹೋದಳು. ಹೋಗುವಾಗ ವಹಿಯನ್ನು ದಪ್ತರದಲ್ಲಿ ಹಾಕಿಕೊಂಡಳು. ಅರ್ಧಕ್ಕಿಂತ ಹೆಚ್ಚು ಹಾಳೆ ಮಡಚಿದ್ದವು.